ಹೆಸರಿನ ಬಾಲ ಕತ್ತರಿಸಿದ ಕಥೆ

ನಮ್ಮ ಧನ್ಯಾಳ ಕೆಲಸ ಕಾಯಂ ಆಯಿತು! ಇವತ್ತು ಮಧ್ಯಾಹ್ನ ಫೋನು ಬಂತು. "ಅಜ್ಜೀ, ಐ ಆ್ಯಮ್ ಕನ್ಫರ್ಮ್ಡ್!" ಅಂತ ಕಿರುಚಿದಳು. ನನ್ನ ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ ಇತ್ತು, ಅದನ್ನು ಎಲ್ಲಿ ಇಟ್ಟೆನೋ ಈಗಲೂ ಸಿಕ್ಕಿಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಕಟ್ಟಡದ ವಾಚ್‌ಮನ್ನನಿಗೆ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕಿದ ಫಿಲಿಪ್ಪೀನಿ ಹುಡುಗಿಗೆ ಹೇಳಿದೆ, ಅವಳು ಯಾರು ಅಂತಲೂ ನನಗೆ ಗೊತ್ತಿಲ್ಲ. ನಮ್ಮ ಯಜಮಾನರಿಗೆ ಮೂರು ಸಲ ಹೇಳಬೇಕಾಯಿತು, ಅವರಿಗೆ ಕಿವಿ ಸ್ವಲ್ಪ ದೂರ. "ಕಾಯಂ ಆಯಿತು ಮಾರಾಯ್ರೇ, ಕಾಯಂ!" ಅಂದರೆ, "ಯಾರಿಗೆ ಕಾಯಿಲೆ?" ಅಂತ ಚಪ್ಪಲಿ ಹುಡುಕಿದರು.

ಧನ್ಯಾ ನನ್ನ ಮಗ ಪ್ರಸಾದನ ಮಗಳು. ದುಬೈಯಲ್ಲಿ ಹಡಗಿನವರ ಸಂಬಳ ನೋಡಿಕೊಳ್ಳುವ ಒಂದು ಆಫೀಸಿಗೆ ಸೇರಿ ಮೂರು ತಿಂಗಳಾಯಿತು. ಕೆಲಸ ಎಂತದ್ದು ಅಂದರೆ, ಕಂಪನಿಯ ದುಡ್ಡು ಜರ್ಮನಿಯ ಬ್ಯಾಂಕಿನಲ್ಲಿರುತ್ತದೆ, ಹಡಗಿನ ಜನರ ಖಾತೆ ಅವರವರ ಊರಿನಲ್ಲಿ, ಪೋಲೆಂಡೋ, ಇಟಲಿಯೋ, ಗ್ರೀಸೋ. ತಿಂಗಳು ತಿಂಗಳು ಅಲ್ಲಿಂದ ಅಲ್ಲಿಗೆ ಕಳಿಸುವುದು. ದುಡ್ಡು ಯುರೋಪಿನಿಂದ ಯುರೋಪಿಗೆ ಹೋಗುತ್ತದೆ, ಬಟನ್ ಒತ್ತುವವಳು ಇಲ್ಲಿ ದುಬೈಯಲ್ಲಿ. ಇದೇ ಕೆಲಸ ನಾನು ಅಬುಧಾಬಿಯ ಮುಸಫ್ಫಾದಲ್ಲಿ ವರ್ಷಗಟ್ಟಲೆ ಮಾಡಿದವಳು. ನನ್ನ ಸಂತೋಷ ಯಾಕೆ ಇಷ್ಟು ಅಂತ ಈಗ ಗೊತ್ತಾಯಿತಲ್ಲ.

ಆದರೆ ಕಳೆದ ಗುರುವಾರ ಇದೇ ಹುಡುಗಿ ಬಂದು ನನ್ನ ಮಡಿಲಲ್ಲಿ ಮುಖ ಇಟ್ಟು ಅತ್ತಿದ್ದಳು. "ಕೆಲಸ ಹೋಯ್ತು ಅಜ್ಜಿ, ಖಲಾಸ್. ಸೋಮವಾರ ಹೇಳ್ತಾರಂತೆ, ಆದ್ರೆ ಐ ನೋ." ಲಿಥುವೇನಿಯಾ ಅಂತ ಒಂದು ದೇಶ ಉಂಟಂತೆ, ಅಲ್ಲಿಯ ಒಬ್ಬಳು ಹೆಂಗಸು ಹಡಗಿನಲ್ಲಿ ಅಡುಗೆಯವಳು. ಅವಳ ಸಂಬಳ ಕಳಿಸುವಾಗ, ಖಾತೆಯ ಹೆಸರೂ ನಮ್ಮ ಪಟ್ಟಿಯ ಹೆಸರೂ ಒಂದೇ ಅಲ್ಲ ಅಂತ ಬ್ಯಾಂಕಿನ ಕಂಪ್ಯೂಟರು ತೋರಿಸಿತಂತೆ. ಮೊದಲ ಹೆಸರು ಸರಿ, ಕೊನೆಯದು ಬೇರೆ. ಧನ್ಯಾ ಕಳಿಸಲಿಲ್ಲ. ನಾಲ್ಕು ದಿನ ಹಾಗೇ ಬಿಟ್ಟಳು. ಹಡಗಿನ ಕ್ಯಾಪ್ಟನ್ ದುಬೈಗೆ ಫೋನು ಮಾಡಿ ಬೈದ. ಮ್ಯಾನೇಜರ್ ಲವೀನಾ ಮ್ಯಾಡಮ್, ನಮ್ಮ ಉಡುಪಿ ಕಡೆಯ ಕೊಂಕಣಿಯವರೇ, ಎಲ್ಲರ ಎದುರಿಗೆ ಕೇಳಿದರಂತೆ: "ನಿನ್ನ ಅಪ್ಪನ ದುಡ್ಡಾ, ಹಿಡಿದು ಕೂತುಕೊಳ್ಳಲಿಕ್ಕೆ?"

ಆ ದಿನ ನಾನು ಅವಳಿಗೆ ನನ್ನ ಒಂದು ಕಥೆ ಹೇಳಿದೆ. ಇವತ್ತು ಅವಳು ಫೋನಿನಲ್ಲೇ ಹೇಳಿದಳು, ಆಫೀಸಿಗೆ ಹೊಸದಾಗಿ ಇಬ್ಬರು ಹುಡುಗಿಯರು ಬಂದಿದ್ದಾರೆ, ಒಬ್ಬಳು ಕುಂದಾಪುರದವಳು, ಇನ್ನೊಬ್ಬಳು ಬೆಳ್ತಂಗಡಿಯವಳು, "ನೀವು ಅದನ್ನೆಲ್ಲ ಬರೆದು ಕೊಡಿ ಅಜ್ಜಿ, ಪ್ಲೀಸ್." ನಾನು ಐದನೇ ಕ್ಲಾಸು. ಆದರೂ ಇವತ್ತು ನನಗೆ ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ. ಕೋಳಿ ಮಸಾಲೆಯಲ್ಲಿ ನೆನೆಯುತ್ತಾ ಉಂಟು. ಬರೆಯುತ್ತೇನೆ.

ನನ್ನ ಹೆಸರು ಗಿರಿಜಾ. ಬಂಟ್ವಾಳದ ಹತ್ತಿರದವಳು, ಮದುವೆಗೆ ಮೊದಲು ಬೀಡಿ ಕಟ್ಟುತ್ತಿದ್ದೆ. ಯಜಮಾನರು ಮುಸಫ್ಫಾದ ಒಂದು ಕಂಪನಿಯಲ್ಲಿ ಕೆಲಸಗಾರರ ಬಸ್ಸು ಓಡಿಸುತ್ತಿದ್ದರು, ಎಣ್ಣೆ ಬಾವಿಗಳ ಪೈಪು ರಿಪೇರಿ ಮಾಡುವ ಕಂಪನಿ. ಅಲ್ಲಿ ನನಗೆ ಚಾ ಮಾಡುವ ಕೆಲಸ ಸಿಕ್ಕಿತು. ಅಕೌಂಟೆಂಟ್ ಫತ್ಹಿ ಸಾಹೇಬರು ಈಜಿಪ್ಟಿನವರು, ದಪ್ಪ ಆಳು, ಚಾದಲ್ಲಿ ನಾಲ್ಕು ಚಮಚ ಸಕ್ಕರೆ. ಕಂಪನಿಯಲ್ಲಿ ಯುರೋಪಿನ ವೆಲ್ಡರುಗಳು ಇಂಜಿನಿಯರುಗಳು ಇದ್ದರು. ಕಂಪನಿಯ ಒಂದು ಖಾತೆ ನೆದರ್‌ಲೆಂಡಿನಲ್ಲಿ, ಅಲ್ಲಿಂದ ಇವರಿಗೆಲ್ಲ ಸಂಬಳ. ಫತ್ಹಿ ಸಾಹೇಬರು ತಿಂಗಳ ಕೊನೆಗೆ ಒಂದು ಪಟ್ಟಿ ಬರೆದು ಫ್ಯಾಕ್ಸ್ ಮಾಡುತ್ತಿದ್ದರು.

ಒಂದು ದಿನ ಚಾ ಇಡುವಾಗ ಪಟ್ಟಿ ನೋಡಿದೆ. ಪ್ರತಿ ಹೆಸರಿನ ಎದುರು ಖಾತೆಯ ನಂಬರು, ಅಕ್ಷರ, ಅಂಕಿ, ನಾಲ್ಕು ನಾಲ್ಕಾಗಿ ಬರೆದದ್ದು. ಒಂದು ಸಾಲು ನೋಡಿ ನನಗೆ ಎಂತದೋ ಆಯಿತು. "ಸಾಹೇಬ್, ಇದರಲ್ಲಿ ಒಂದು ಕಮ್ಮಿ."

"ನಿನಗೆ ಇಂಗ್ಲಿಷ್ ಬರುತ್ತದಾ?"

"ಇಲ್ಲ. ಆದರೆ ಒಂದು ಕಮ್ಮಿ ಉಂಟು."

ಎಣಿಸಿದರು. ಕಮ್ಮಿ ಇತ್ತು. ಬೀಡಿಯ ಕಟ್ಟಿನಲ್ಲಿ ಇಪ್ಪತ್ತೈದು ಇರಬೇಕು, ಇಪ್ಪತ್ತನಾಲ್ಕು ಇದ್ದರೆ ನನ್ನ ಬೆರಳಿಗೇ ಗೊತ್ತಾಗುತ್ತದೆ, ಎಣಿಸುವುದು ಬೇಡ. ಹಾಗೇ ಇದೂ. ಫತ್ಹಿ ಸಾಹೇಬರು ಕುರ್ಚಿ ಎಳೆದು, "ಯಲ್ಲಾ, ಬಾ ಗಿರಿಜಾ, ಕೂತುಕೋ," ಅಂದರು. ಅಷ್ಟೇ. ಎಬಿಸಿಡಿ ಅವರೇ ಕಲಿಸಿದರು. ಚಾ ಮಾಡುವ ಕೆಲಸವೂ ಬಿಡಲಿಲ್ಲ, ಎರಡೂ ಮಾಡಿದೆ.

ಹೊಸ ಹುಡುಗಿಯರೇ, ಈಗ ನಿಮಗೆ ಎಲ್ಲ ಕಂಪ್ಯೂಟರು ಹೇಳುತ್ತದೆ. ಆದರೆ ಆ ಸಾಲುಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ, ಎಷ್ಟು ಚಂದ ಗೊತ್ತುಂಟಾ? ಸ್ಪೇನಿನದ್ದು ಇಪ್ಪತ್ತನಾಲ್ಕು, ಸರಿಯಾಗಿ ಆರು ಕಟ್ಟು, ಮಿಕ್ಕಿದ್ದು ಇಲ್ಲ. ಬೆಲ್ಜಿಯಮ್ ನಾಲ್ಕು ಕಟ್ಟು, ಅದಕ್ಕೂ ಬಾಲ ಇಲ್ಲ. ಪೋರ್ಚುಗಲ್ ಆರು ಕಟ್ಟು, ಮೇಲೆ ಒಂದು. ಜರ್ಮನಿ ಐದು ಕಟ್ಟು, ಎರಡು ಮಿಗುತ್ತದೆ. ಮಾಲ್ಟಾ ಅಂತ ಒಂದು ಸಣ್ಣ ದ್ವೀಪ ಉಂಟಂತೆ, ಅದರದ್ದು ಮೂವತ್ತೊಂದು! ಇಷ್ಟು ಸಣ್ಣ ಊರಿಗೆ ಅಷ್ಟು ಉದ್ದದ್ದು ಯಾಕೆ ಅಂತ ನಾನು ತುಂಬಾ ಜನರ ಹತ್ತಿರ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಮೊದಲ ಎರಡು ಅಕ್ಷರ ದೇಶದ್ದು. ಸಿ, ಎಚ್ ಅಂತ ನೋಡಿ ನಾನು ಫೈಲನ್ನು ಚೀನಾದ ಖಾನೆಯಲ್ಲಿ ಇಟ್ಟೆ. ಎರಡು ತಿಂಗಳು ಒಬ್ಬ ಸ್ವಿಸ್ ಇಂಜಿನಿಯರ್ ಚೀನಾದವನಾಗಿ ಇದ್ದ. ಜರ್ಮನಿಗೆ ಡಿ, ಇ ಯಾಕೆ, ಸ್ಪೇನಿಗೆ ಇ ಮೊದಲು ಯಾಕೆ ಅಂತ ಕೇಳಿದರೆ ಫತ್ಹಿ ಸಾಹೇಬರು ಹೇಳಿದರು, "ಅವರ ಮನೆಯಲ್ಲಿ ಅವರು ಕರೆಯುವ ಹೆಸರು ಅದು." ಓಹೋ! ನಮ್ಮದೂ ಹಾಗೆಯೇ ಅಲ್ವಾ? ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಆಮೇಲೆ ನಾನು ಮರೆಯಲೇ ಇಲ್ಲ.

ಅಕ್ಷರ ಆದ ಮೇಲೆ ಎರಡು ಅಂಕಿ ಉಂಟಲ್ಲ, ಅದು ಬೀಡಿ ಬ್ರಾಂಚಿನಲ್ಲಿ ಕಟ್ಟು ಪರೀಕ್ಷೆ ಮಾಡುವ ಚೆಕ್ಕರನ ಹಾಗೆ. ಬಾಕಿ ಅಂಕಿಗಳನ್ನೆಲ್ಲ ಯಾವುದೋ ಲೆಕ್ಕದಿಂದ ಸೇರಿಸಿ ಅದನ್ನು ಮಾಡುತ್ತಾರೆ, ಒಂದು ಅಂಕಿ ತಪ್ಪಿದರೂ ಅದು ಹಿಡಿದು ಆಚೆ ಎಸೆಯುತ್ತದೆ. ಫತ್ಹಿ ಸಾಹೇಬರಿಗೆ ಪಿ ಅಕ್ಷರ ಬಾಯಲ್ಲಿ ಬರುತ್ತಿರಲಿಲ್ಲ, ಎಲ್ಲ ಬಿ. "ಬೋರ್ತುಗಾಲ್" ಅನ್ನುತ್ತಿದ್ದರು. ಅವರು ಓದುವುದು, ನಾನು ಬರೆಯುವುದು. ನಾನು ಕೇಳುತ್ತಿದ್ದೆ, "ಬೀಡಿಯ ಬಿಯಾ, ಪಪ್ಪಾಯಿಯ ಪಿಯಾ?" ಆಮೇಲೆ ಇಡೀ ಆಫೀಸೇ ಹಾಗೆ ಕೇಳಲು ಶುರು ಮಾಡಿತು, ಜರ್ಮನಿಯವರು ಕೂಡ, ಬೀಡಿ ಅಂದರೆ ಎಂತ ಅಂತ ಗೊತ್ತಿಲ್ಲದವರು.

ಬಿಸಿಲಿನ ಒಂದು ಕಥೆ ಹೇಳಿ ಮುಂದೆ ಹೋಗುತ್ತೇನೆ. ಆಗಿನ ಫ್ಯಾಕ್ಸಿನ ಕಾಗದ ನುಣ್ಣಗೆ, ಸುರುಳಿ ಸುರುಳಿ. ಯುರೋಪಿನ ಬ್ಯಾಂಕಿನಿಂದ ಬಂದ ಆ ತಿಂಗಳ ಉತ್ತರವನ್ನು ಯಜಮಾನರ ಬಸ್ಸಿನ ಗಾಜಿನ ಹತ್ತಿರ ಇಟ್ಟು ನಾನು ಊಟಕ್ಕೆ ಹೋದೆ. ಜುಲೈ ತಿಂಗಳು, ಮುಸಫ್ಫಾ. ಬಂದು ನೋಡಿದರೆ ಬಿಸಿಗೆ ಕಾಗದ ಪೂರ್ತಿ ಕಪ್ಪು, ದೋಸೆ ಕಾವಲಿಯ ಹಾಗೆ. "ಒಬ್ಬರ ನಂಬರೂ ಇಲ್ಲ ಮಾರಾಯ್ರೇ!" ಅಂತ ನಾನು, "ನಾನು ಎಂತ ಮಾಡಲಿ, ಬಸ್ಸಿಗೆ ಕೊಡೆ ಹಿಡಿಯಲಾ?" ಅಂತ ಅವರು. ಫತ್ಹಿ ಸಾಹೇಬರು ನಕ್ಕು "ಮಾಲೇಶ್, ಹೋಗಲಿ ಬಿಡು" ಅಂದರು. ಅವರು ನಗುವುದು ನಾನು ತುಂಬಾ ನೋಡಿದ್ದೇನೆ. ನಗದೇ ಇದ್ದದ್ದು ಒಂದೇ ಸಲ. ಅದನ್ನೇ ನಾನು ಧನ್ಯಾಳಿಗೆ ಹೇಳಿದ್ದು.

ಫ್ಯಾಕ್ಸ್ ಹೋಗಿ ಕಂಪ್ಯೂಟರ್ ಬಂದ ವರ್ಷ. ಒಮ್ಮೆ ಎಲ್ಲರ ಹೆಸರು ನಂಬರು ಒಳಗೆ ಹಾಕಿಟ್ಟರೆ, ಪ್ರತಿ ತಿಂಗಳು ಅದೇ ಪಟ್ಟಿ ತಾನಾಗಿ ಹೋಗುತ್ತದೆ ಅಂದರು. ಹಾಕುವ ಕೆಲಸ ನನಗೆ. ಹೆಸರಿನ ಜಾಗ ಸಣ್ಣದು. ಫತ್ಹಿ ಸಾಹೇಬರು ಹೇಳಿದರು, "ಎರಡು ಪದ ಸಾಕು, ಬಾಕಿ ಬಿಡು."

ನಾನು ಕೊನೆಯದನ್ನು ಬಿಟ್ಟೆ. ಯಾಕೆ ಅಂತ ಕೇಳಿ. ನಮ್ಮ ಊರಿನಲ್ಲಿ ಹೆಸರಿನ ಕೊನೆಗೆ ಇರುವುದು ಪೂಜಾರಿ, ಶೆಟ್ಟಿ, ಆಚಾರಿ. ಒಂದು ಗುಡ್ಡೆಯಲ್ಲಿ ಅರ್ಧ ಜನ ಪೂಜಾರಿಗಳು. ಅದರಿಂದ ಯಾರು ಅಂತ ಗೊತ್ತಾಗುತ್ತದಾ? ಅದು ಬಾಲ. ಬಾಲ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ನನ್ನ ಬುದ್ಧಿ.

ಅಲ್ಲಿ ಹುವಾನ್ ಅಂತ ಇಬ್ಬರು ಸ್ಪೇನಿನವರು, ಇಬ್ಬರೂ ವೆಲ್ಡರುಗಳು. ಬರೆಯುವುದು ಜೆ ಇಂದ, ಹಾಗಾಗಿ ನಾನು ಜುವಾನ್ ಅಂತಿದ್ದೆ, ಅವರು "ಹುವಾನ್, ಅಮ್ಮ" ಅಂತ ತಿದ್ದುತ್ತಿದ್ದರು. ಒಬ್ಬ ಹುವಾನ್ ಪೆರೆಸ್ ಮೊರೆನೊ, ಇನ್ನೊಬ್ಬ ಹುವಾನ್ ಪೆರೆಸ್ ಸಿಲ್ವಾ. ಸಿಲ್ವಾ ಅಂತ ಕೇಳಿದ ಕೂಡಲೇ ನಾನು, "ನೀವು ಮಂಗಳೂರಿನವರಾ?" ಅಂತ ಕೇಳಿದ್ದೆ. ಅವನು ಕಣ್ಣು ಕಣ್ಣು ಬಿಟ್ಟಿದ್ದ. ನಮ್ಮ ಕಡೆಯ ಇಗರ್ಜಿಯಲ್ಲಿ ಸಿಲ್ವಾ ಅಂತ ಕೂಗಿದರೆ ಹತ್ತು ಜನ ತಿರುಗುತ್ತಾರೆ. ಅಂಥ ಬಾಲ ಯಾಕೆ? ಕತ್ತರಿಸಿದೆ. ಮೊರೆನೊನದ್ದೂ ಕತ್ತರಿಸಿದೆ. ಕಂಪ್ಯೂಟರಿನಲ್ಲಿ ಉಳಿದದ್ದು ಹುವಾನ್ ಪೆರೆಸ್, ಹುವಾನ್ ಪೆರೆಸ್.

ಫತ್ಹಿ ಸಾಹೇಬರು ಹೆಸರು ಮಾತ್ರ ನೋಡಿದರು. "ಗಿರಿಜಾ ಒಂದನ್ನೇ ಎರಡು ಸಲ ಹಾಕಿದ್ದಾಳೆ" ಅಂತ ಒಂದು ಸಾಲು ಅಳಿಸಿದರು. ಸಂಬಳದ ಲೆಕ್ಕದಲ್ಲಿ ಹುವಾನ್ ಪೆರೆಸ್ ಎರಡು ಸಲ ಇತ್ತು, ಕಂಪ್ಯೂಟರು ಹೆಸರು ನೋಡಿ ಇಬ್ಬರದ್ದನ್ನೂ ಉಳಿದ ಒಂದೇ ಖಾತೆಗೆ, ಮೊರೆನೊನದ್ದಕ್ಕೆ, ಕಳಿಸಿತು. ಚೆಕ್ಕರ್ ಅಂಕಿ ಹಿಡಿಯಲಿಲ್ಲ, ಯಾಕೆಂದರೆ ನಂಬರು ಸರಿಯಾದ ನಂಬರೇ. ಆಗ ಬ್ಯಾಂಕು ಹೆಸರು ನೋಡುತ್ತಿರಲಿಲ್ಲ, ನಂಬರು ಮಾತ್ರ.

ಸಂಬಳ ಹೋಗಿ ವಾರ ಕಳೆದ ಮೇಲೆ ಒಂದು ಗುರುವಾರ ಮಧ್ಯಾಹ್ನ ಸಿಲ್ವಾ ಬಂದ. ವೆಲ್ಡಿಂಗಿನ ಕನ್ನಡಕ ಹಣೆಯ ಮೇಲೇ ಇತ್ತು. ಅವನ ತಾಯಿ ಪೋರ್ಚುಗಲಿನವರು, ಮುದುಕಿ, ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಮಲಗಿದಲ್ಲೇ ಇದ್ದರು. ಸಂಬಳ ಸ್ಪೇನಿನ ಖಾತೆಗೆ ಬಂದರೆ, ಐದನೇ ತಾರೀಕಿಗೆ ಅಲ್ಲಿಂದ ತಾನಾಗಿ ಪೋರ್ಚುಗಲಿನ ಆಶ್ರಮಕ್ಕೆ ಹೋಗುವ ಹಾಗೆ ಮಾಡಿಟ್ಟಿದ್ದ. ಈ ತಿಂಗಳು ಹೋಗಲಿಲ್ಲ. ಮೊದಲೂ ಒಮ್ಮೆ ತಡವಾಗಿತ್ತಂತೆ. ಆಶ್ರಮದವರು ಹೇಳಿದ್ದಾರೆ, ಶುಕ್ರವಾರ ಸಂಜೆಯೊಳಗೆ ಕಾಣದಿದ್ದರೆ ಮಂಚ ಇನ್ನೊಬ್ಬರಿಗೆ.

ಫತ್ಹಿ ಸಾಹೇಬರು ಪಟ್ಟಿ ತೆಗೆದರು, ನನಗೂ ಕಂಡಿತು. ಹುವಾನ್ ಪೆರೆಸ್ ಅಂತ ಒಂದೇ ಸಾಲು, ಅದು ಮೊರೆನೊನ ಖಾತೆ. ಅವರು ನನಗೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು, "ಯುರೋಪಿನ ಬ್ಯಾಂಕು ತಡ ಮಾಡಿದೆ ಅಂತ ಹೇಳು. ಭಾನುವಾರ ನೋಡುವ." ಆಗ ಇಲ್ಲಿ ಶುಕ್ರವಾರ ಶನಿವಾರ ರಜೆ, ಅಲ್ಲಿ ಶನಿವಾರ ಭಾನುವಾರ. ವಾರಕ್ಕೆ ನಾಲ್ಕೇ ದಿನ ಎರಡೂ ಕಡೆ ಬಾಗಿಲು ತೆರೆದಿರುವುದು.

ನಾನು ಬ್ಯಾಂಕಿನ ಮಾತು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ಬ್ಯಾಂಕು ಅಲ್ಲ. ನಾನು. ನಿನ್ನ ಹೆಸರು ಕತ್ತರಿಸಿದೆ."

"ಯಾವ ಹೆಸರು?"

"ಸಿಲ್ವಾ."

"ಅದು ನನ್ನ ತಾಯಿಯದ್ದು," ಅಂದ. ಆಗ ಗೊತ್ತಾಯಿತು ನನಗೆ, ಸ್ಪೇನಿನವರು ಮೊದಲು ತಂದೆಯ ಮನೆಯದ್ದು, ಕೊನೆಗೆ ತಾಯಿಯ ಮನೆಯದ್ದು ಬರೆಯುತ್ತಾರೆ ಅಂತ. ಅಯ್ಯೋ ದೇವರೇ, ನಮ್ಮಲ್ಲೂ ಉಂಟಲ್ಲ! ತುಳುವರಿಗೆ ಬರಿ ಅಂತ ಒಂದು ಕುಲದ ಹೆಸರು, ಅದು ತಾಯಿಯಿಂದಲೇ ಬರುವುದು. ನನ್ನ ಪಾಸ್‌ಪೋರ್ಟಿನಲ್ಲಿ ಗಂಡನ ಪೂಜಾರಿ ಇರಬಹುದು, ಆದರೆ ನಾನು ಬಂಗೇರ, ನನ್ನ ಅಮ್ಮ ಬಂಗೇರ. ಊರಿನಲ್ಲಿ ಇಬ್ಬರು ರಾಮಣ್ಣ ಪೂಜಾರಿ ಇದ್ದರೆ ಬರಿ ಕೇಳಿಯೇ ಯಾರು ಅಂತ ತಿಳಿಯುವುದು. ಅಂಥವಳು ನಾನು ಅದನ್ನೇ ಬಾಲ ಅಂತ ಕತ್ತರಿಸಿದೆ.

ಫತ್ಹಿ ಸಾಹೇಬರು ಆ ದಿನ ನಗಲಿಲ್ಲ. ಪಟ್ಟಿ ಕೆಳಗಿಟ್ಟು ಸಿಲ್ವಾನ ಕಡೆ ತಿರುಗಿ, "ಒಂದು ಸಾಲು ನಾನೂ ಅಳಿಸಿದ್ದೇನೆ," ಅಂದರು. ಆಮೇಲೆ ನನಗೆ, "ನಾಳೆ ನಮಾಜು ಮುಗಿಸಿ ಬರುತ್ತೇನೆ. ಯುರೋಪು ಎರಡು ಗಂಟೆ ಹಿಂದೆ ಉಂಟು."

ಶುಕ್ರವಾರ ಯಜಮಾನರು ನನ್ನನ್ನು ಖಾಲಿ ಬಸ್ಸಿನಲ್ಲಿ ಕರೆದುಕೊಂಡು ಹೋದರು, ಐವತ್ತು ಸೀಟಿಗೆ ನಾನೊಬ್ಬಳು. ಮುಸಫ್ಫಾದ ಬೀದಿ ಬಿಕೋ ಅನ್ನುತ್ತಿತ್ತು. ಸಿಲ್ವಾ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ. ಫತ್ಹಿ ಸಾಹೇಬರು ಬಿಳಿ ಜುಬ್ಬಾದಲ್ಲಿ ಬಂದರು, ಮನೆಯಲ್ಲಿ ಮಕ್ಕಳು ಊಟಕ್ಕೆ ಕಾಯುತ್ತಿದ್ದರಂತೆ. ನೆದರ್‌ಲೆಂಡಿನ ಖಾತೆಯಿಂದ ನೇರ ಪೋರ್ಚುಗಲಿನ ಆಶ್ರಮಕ್ಕೇ ಕಳಿಸುವುದು ಅಂತಾಯಿತು. ಅವರು ಓದಿದರು, ನಾನು ಒತ್ತಿದೆ, ಸಿಲ್ವಾ ಹಿಂದೆ ನಿಂತು ನೋಡಿದ. "ಬೀ, ಟೀ," ಅಂದರು. "ಪಪ್ಪಾಯಿಯ ಪಿ," ಅಂದೆ ನಾನು. ಆರು ಕಟ್ಟು, ಮೇಲೆ ಒಂದು. ಹೆಸರಿನ ಜಾಗದಲ್ಲಿ ಆಶ್ರಮದ್ದು, ಯಾರ ಲೆಕ್ಕಕ್ಕೆ ಅಂತ ಕೆಳಗಿನ ಸಾಲಿನಲ್ಲಿ ತಾಯಿಯ ಪೂರ್ತಿ ಹೆಸರು ಬರೆದೆ.

"ದುಡ್ಡು ಸೋಮವಾರ ಮುಟ್ಟುತ್ತದೆ," ಅಂದರು ಸಾಹೇಬರು. ಮಂಚ ಹೋಗುವುದು ಶುಕ್ರವಾರ! ಕಳಿಸಿದ್ದಕ್ಕೆ ಬ್ಯಾಂಕಿನ ಚೀಟಿ ಬಂತು, ಅದನ್ನು ಹಳೇ ಫ್ಯಾಕ್ಸಿನಲ್ಲಿ ಆಶ್ರಮಕ್ಕೆ ಕಳಿಸಿದೆವು. ಸಿಲ್ವಾ ಫೋನು ಹಿಡಿದು ಅವರ ಭಾಷೆಯಲ್ಲಿ ಮಾತಾಡಿದ, ತುಂಬಾ ಹೊತ್ತು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟ. "ಇಟ್ಟುಕೊಳ್ಳುತ್ತಾರಂತೆ," ಅಂದ.

ಮೊರೆನೊ ರಜೆಯಲ್ಲಿ ಊರಿನಲ್ಲಿದ್ದ, ಬೋನಸ್ ಅಂತ ಖುಷಿಯಲ್ಲಿದ್ದನಂತೆ, ಪಾಪ. ಸಿಲ್ವಾನದ್ದನ್ನೆಲ್ಲ ವಾಪಸ್ ಕಳಿಸಿದ. ಸಿಲ್ವಾ ಮುಂದಿನ ರಜೆಯಿಂದ ಬರುವಾಗ ನನಗೆ ಒಂದು ಡಬ್ಬಿ ತಂದುಕೊಟ್ಟ, ತಾಯಿಯ ಊರಿನದ್ದು. ತೆರೆದು ನೋಡಿದರೆ ನಮ್ಮ ಭೂತಾಯಿ ಮೀನು, ಎಣ್ಣೆಯಲ್ಲಿ! ಅಲ್ಲಿಯ ಸಮುದ್ರದಲ್ಲೂ ಅದೇ ಮೀನು. ನನಗೆ ಎಷ್ಟು ಆಶ್ಚರ್ಯ ಆಯಿತು ಅಂದರೆ ಆ ದಿನ ತಿನ್ನಲೇ ಇಲ್ಲ, ನೋಡುತ್ತಾ ಕೂತೆ.

ಧನ್ಯಾ ಕಥೆ ಕೇಳಿ ಕಣ್ಣು ಒರೆಸಿಕೊಂಡು, "ಹಾಗಾದ್ರೆ ನಾನು ನಿಲ್ಲಿಸಿದ್ದು ಕರೆಕ್ಟ್ ಅಲ್ವಾ ಅಜ್ಜಿ?" ಅಂದಳು.

"ನಿಲ್ಲಿಸಿದ್ದು ಸರಿ. ಆಮೇಲೆ ಆ ಹೆಂಗಸಿನ ಹತ್ತಿರ ಕೇಳಿದೆಯಾ?"

"ಇಲ್ಲ. ಐ ವಾಸ್ ಸ್ಕೇರ್ಡ್. ಮೇಲ್ ಮಾಡಿದ್ರೆ ನಂದೇ ತಪ್ಪು ಅಂತ ಆದ್ರೆ?"

"ಮತ್ತೆ ನಾಲ್ಕು ದಿನ ಎಂತ ಮಾಡಿದೆ, ದುಡ್ಡಿಗೆ ಕಾವು ಕೊಟ್ಟೆಯಾ? ಮೊಟ್ಟೆಯಾ ಅದು?"

ಸಿಟ್ಟು ಬಂತು ಅವಳಿಗೆ. ಆದರೆ ಶುಕ್ರವಾರ ಬೆಳಿಗ್ಗೆ, ಈಗ ಇಲ್ಲಿ ಶುಕ್ರವಾರವೂ ಅರ್ಧ ದಿನ ಆಫೀಸಲ್ವಾ, ಹಡಗಿಗೆ ಫೋನು ಮಾಡಿ ಆ ಹೆಂಗಸನ್ನೇ ಕೇಳಿದಳು. ಎಂತ ಗೊತ್ತುಂಟಾ? ಆಕೆಗೆ ಹೊಸದಾಗಿ ಮದುವೆ ಆಗಿದೆ. ಕಂಪನಿಯಲ್ಲಿ ಗಂಡನ ಹೆಸರು ಬರೆಸಿದ್ದಾಳೆ, ಬ್ಯಾಂಕಿನಲ್ಲಿ ಹಳೇದೇ ಉಂಟು. ದುಡ್ಡು ಹೋಗಬೇಕಾದ ಖಾತೆ ಅದೇ! ನಮ್ಮ ಹುಡುಗಿಯ ಸಂಶಯವೇ ಸುಳ್ಳು. ಧನ್ಯಾ ನೇರ ಲವೀನಾ ಮ್ಯಾಡಮ್ ಹತ್ತಿರ ಹೋಗಿ ಹೇಳಿದಳಂತೆ, ನಾನು ತಿಳಿದದ್ದು ತಪ್ಪಾಗಿತ್ತು, ಕೇಳದೇ ಕೂತದ್ದು ಇನ್ನೂ ತಪ್ಪು ಅಂತ. ಮ್ಯಾಡಮ್ "ಸೋಮವಾರ ಬಾ" ಅಂತ ಕಳಿಸಿದರಂತೆ. ಶನಿವಾರ ಭಾನುವಾರ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

ಇವತ್ತು ಕರೆದರಂತೆ. "ಬಟನ್ ಒತ್ತುವವರು ನನಗೆ ಬೇಕಾದಷ್ಟು ಸಿಗ್ತಾರೆ. ನಿಲ್ಲಿಸುವವರು ಕಮ್ಮಿ. ಆದ್ರೆ ಇನ್ನೊಮ್ಮೆ ನಿಲ್ಲಿಸಿದ್ರೆ ಅರ್ಧ ಗಂಟೆಯಲ್ಲಿ ಫೋನ್ ಎತ್ತಬೇಕು, ತಿಳೀತಾ?" ಅಂತ ಹೇಳಿ ಕಾಗದ ಕೊಟ್ಟರಂತೆ.

ಇಷ್ಟು ಬರೆಯುವಾಗ ಸಂಜೆಯಾಯಿತು. ಧನ್ಯಾ ಬಂದಳು, ಪ್ರಸಾದ ಬಂದ, ಸೊಸೆ ಶೋಭಾ ಕೆಲಸದಿಂದ ಬರುವಾಗ ಕೇಕ್ ತಂದಳು. ಕೋಳಿ ಸಾರು ಕುದಿಯುತ್ತಿತ್ತು, ಅಕ್ಕಿಯ ಒಣ ರೊಟ್ಟಿ ಮುರಿದು ಇಟ್ಟಿದ್ದೆ. ನೆಲದ ಮೇಲೆ ಹಾಳೆ ಹಾಸಿ ಐದು ಜನ ಕೂತೆವು. ಕಾಯಂ ಕಾಗದ ಕೈಯಿಂದ ಕೈಗೆ ಹೋಯಿತು. ಪ್ರಸಾದ ಗಟ್ಟಿಯಾಗಿ ಓದಿದ, ಶೋಭಾ ಅದರ ಫೋಟೋ ತೆಗೆದಳು, ನಾನು ಹೆಸರು ಪೂರ್ತಿ ಉಂಟಾ ಅಂತ ನೋಡಿದೆ. ಎಲ್ಲರೂ ಒಟ್ಟಿಗೆ ಮಾತು.

ಯಜಮಾನರು ಮಾತ್ರ ಬಟ್ಟಲು ಖಾಲಿ ಇಟ್ಟುಕೊಂಡು ಕೂತಿದ್ದರು. ಕೇಳಿಸಲಿಲ್ಲವೋ ಏನೋ ಅಂತ ನಾನು ಅವರ ಕಿವಿಯ ಹತ್ತಿರ ಹೋಗುವಷ್ಟರಲ್ಲಿ ಅವರೇ ಕೇಳಿದರು:

"ಅಲ್ಲ ಮಗಾ, ಆ ಅಡುಗೆಯವಳಿಗೆ ಸಂಬಳ ಮುಟ್ಟಿತಾ?"

ಮಧ್ಯಾಹ್ನದಿಂದ ಇಷ್ಟು ಕುಣಿದರೂ ನಾವು ಯಾರೂ ಅದನ್ನು ಕೇಳಿರಲಿಲ್ಲ, ಇಷ್ಟು ವರ್ಷ ಕಳಿಸಿದ ನಾನು ಕೂಡ.

"ಮುಟ್ಟಿತು ಅಜ್ಜ," ಅಂದಳು ಧನ್ಯಾ, ಅವರಿಗೆ ಕೇಳುವ ಹಾಗೆ ಜೋರಾಗಿ, ಪೂರ್ತಿ ಕನ್ನಡದಲ್ಲಿ. "ಶುಕ್ರವಾರವೇ ಮುಟ್ಟಿತು, ಈಗ ಅದೇ ದಿನ ಮುಟ್ಟುತ್ತದೆ. ಆಫೀಸು ಮುಚ್ಚಿದ ಮೇಲೂ ಕೂತು ನೋಡಿದೆ. ಆಮೇಲೆಯೇ ಮನೆಗೆ ಬಂದದ್ದು."

"ಹಾಗಾದರೆ ಬಡಿಸು," ಅಂದರು ಅವರು ನನಗೆ. ನಾನು ಬಡಿಸಿದೆ.